ಶನಿವಾರದ ಮೇಜು

ಕಣಿವೆಯ ಊರಾದ ಗಾರ್ದೋನೆಯಲ್ಲಿ ಕೋವಿಯ ಕೆಲಸ ಮಾಡದವರೆಂದರೆ ಪಾದ್ರಿ, ಡಾಕ್ಟರು ಮತ್ತು ರೊಟ್ಟಿ ಸುಡುವವನು ಮಾತ್ರ ಎಂದು ಊರಿನವರೇ ನಗುತ್ತಾರೆ. ಒರ್ಸೊಲಾ ಜುಬಾನಿಯ ಅಜ್ಜ ನಳಿಗೆ ಕೊರೆಯುತ್ತಿದ್ದ. ಅಪ್ಪ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ನೆಟ್ಟಗಿದೆಯೋ ಇಲ್ಲವೋ ಹೇಳುತ್ತಿದ್ದ. ಅವಳು ಶಾಲೆ ಬಿಟ್ಟವಳು ಸೀದಾ ಕಾರ್ಖಾನೆಯ ಉಜ್ಜುವ ವಿಭಾಗಕ್ಕೆ ಸೇರಿದಳು. ಅಲ್ಲಿ ಹೆಂಗಸರೇ ಹೆಚ್ಚು. ದಿನವಿಡೀ ಎಣ್ಣೆ, ಉಪ್ಪುಕಾಗದ, ಬಟ್ಟೆ. ಉಗುರಿನ ಸಂದಿಯ ಕಪ್ಪು ಭಾನುವಾರದ ಪೂಜೆಯ ಹೊತ್ತಿಗೂ ಹೋಗುತ್ತಿರಲಿಲ್ಲ.

ಎಲ್ಲ ಮುಗಿದ ಕೋವಿಗಳು ಕೊನೆಯ ಸಲ ಒರೆಸಲು ಅವಳ ಕೈಗೆ ಬರುತ್ತಿದ್ದವು. ಕೆಲವಕ್ಕೆ ಬೆರಳಿನಿಂದ ಎಳೆಯುವ ಕುದುರೆಯ ಪಕ್ಕದ ಉಕ್ಕಿನ ಮೇಲೆ ಕೆತ್ತನೆ ಇರುತ್ತಿತ್ತು. ಬಳ್ಳಿಯ ಸುರುಳಿ, ನಾಯಿ, ಹಕ್ಕಿ. ಒಂದು ಬೆಳಿಗ್ಗೆ ಹಾಗೆ ಬಂದ ಕೋವಿಯೊಂದರ ಮೇಲೆ ಹುಲ್ಲಿನ ಮರೆಯಲ್ಲಿ ಒಂದು ಗೌಜಲಹಕ್ಕಿ ಕೂತಿತ್ತು. ಒರ್ಸೊಲಾ ಅದನ್ನು ಒರೆಸುವುದನ್ನು ಮರೆತು ಮುಖದ ಹತ್ತಿರ ತಂದುಕೊಂಡಳು. ಉಕ್ಕನ್ನು ಸ್ವಲ್ಪ ಓರೆ ಮಾಡಿದರೆ ಹುಲ್ಲು ಅಲುಗಿದಂತೆ ಕಾಣುತ್ತಿತ್ತು. ಮೇಲ್ವಿಚಾರಕ ಬಂದು, ಕೋವಿಗೆ ಮುತ್ತು ಕೊಡ್ತಿದೀಯಾ ಎಂದು ಕೇಳಿದ. ಸುತ್ತಲಿನ ಹೆಂಗಸರು ನಕ್ಕರು. ಅವಳಿಗೆ ಆಗ ಮೂವತ್ತರ ಹತ್ತಿರ ಹತ್ತಿರ. ಮದುವೆಯಾಗಿರಲಿಲ್ಲ, ಅಮ್ಮನ ಜೊತೆ ಇಂಚೀನೊ ಬೀದಿಯ ಎರಡು ಕೋಣೆಯ ಮನೆಯಲ್ಲಿದ್ದಳು. ಆ ಹಕ್ಕಿಯನ್ನು ಕೆತ್ತಿದವರು ಯಾರೆಂದು ವಿಚಾರಿಸಿದಳು. ಮೆಲ್ಲಾ ಹೊಳೆಯ ಸೇತುವೆಯ ಪಕ್ಕದಲ್ಲಿರುವ ತಮೇನಿ ಮೇಷ್ಟ್ರ ಕೆತ್ತನೆ ಅಂಗಡಿಯವರು ಎಂದು ಗೊತ್ತಾಯಿತು.

ತಮೇನಿ ಮೇಷ್ಟ್ರು ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ದಪ್ಪ ಕನ್ನಡಕ, ಚಿಕ್ಕ ಆಳು, ಮಾತು ಕಡಿಮೆ.

“ನಿನ್ನ ವಯಸ್ಸಿಗೆ ಬರೋ ಹೆಂಗಸರು ಅಂಚಿನ ಗೆರೆ ಹಾಕೋಕೆ ಬರ್ತಾರೆ. ಅಷ್ಟು ಸಾಕಾ ನಿಂಗೆ?”

“ಸಾಕಾಗಲ್ಲ ಮೇಷ್ಟ್ರೇ. ಆದ್ರೆ ಅಲ್ಲಿಂದ್ಲೇ ಶುರು ಮಾಡ್ತೀನಿ.”

ಆ ಉತ್ತರ ಅವರಿಗೆ ಹಿಡಿಸಿರಬೇಕು. ಉತ್ತರ ದಿಕ್ಕಿನ ಕಿಟಕಿಯ ಕೆಳಗಿನ ಸಾಲಿನಲ್ಲಿ ಕೊನೆಯ ಜಾಗ ಕೊಟ್ಟರು. ಮೆತ್ತನೆಯ ಕಬ್ಬಿಣದ ಒಂದು ತಗಡು, ಅದನ್ನು ಕಚ್ಚಿ ಹಿಡಿಯುವ ಗುಂಡಾದ ವೈಸು, ಒಂದು ಉಳಿ, ಒಂದು ಸಾಣೆಕಲ್ಲು ಕೊಟ್ಟು, ತಗಡು ತುಂಬ ನೆಟ್ಟನೆಯ ಗೆರೆ ಎಳೆ, ತುಂಬಿದ ಮೇಲೆ ಉಜ್ಜಿ ಅಳಿಸಿ ಮತ್ತೆ ಎಳೆ ಎಂದರು. ಉಜ್ಜಿ ಅಳಿಸುವುದರಲ್ಲಿ ಆ ಅಂಗಡಿಯಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಗೆರೆ ಮಾತ್ರ ಬರಲಿಲ್ಲ. ಉಳಿಯನ್ನು ಮೆಲ್ಲಗೆ ಒತ್ತಿದರೆ ಕಬ್ಬಿಣದ ಮೇಲೆ ಜಾರುತ್ತಿತ್ತು; ಜೋರಾಗಿ ಒತ್ತಿದರೆ ಒಳಗೆ ಇಳಿದು ಸಿಕ್ಕಿಕೊಂಡು, ಮೊನೆ ಚಟ್ಟೆಂದು ಮುರಿಯುತ್ತಿತ್ತು. ಒಮ್ಮೆ ಜಾರಿ ಎಡಗೈ ಹೆಬ್ಬೆರಳಿನ ಬುಡಕ್ಕೇ ಇಳಿಯಿತು. ಕಾರ್ಖಾನೆಯಲ್ಲಿ ಅರ್ಧ ದಿನ ದುಡಿದು, ಮಧ್ಯಾಹ್ನ ಇಲ್ಲಿ ಬಂದು ಕೂರುತ್ತಿದ್ದಳು. ಅಮ್ಮ ಒಲೆಯ ಮೇಲೆ ಜೋಳದ ಹಿಟ್ಟಿನ ಪೊಲೆಂತಾ ಕಲಕುತ್ತ, ಇದೆಲ್ಲ ಯಾವ ಸಂಪತ್ತಿಗೆ ಎಂದು ಕೇಳುತ್ತಿದ್ದಳು.

ಆ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಶನಿವಾರ ಮಧ್ಯಾಹ್ನ ಕೆಲಸ ನಿಲ್ಲಿಸಿದ ಮೇಲೆ, ಎಲ್ಲರೂ ಆ ವಾರ ಅಭ್ಯಾಸಕ್ಕೆಂದು ಕೆತ್ತಿದ ಒಂದೊಂದು ತಗಡನ್ನು ಕಿಟಕಿಯ ಪಕ್ಕದ ಉದ್ದ ಮೇಜಿನ ಮೇಲೆ ಇಡಬೇಕು. ಹೆಸರು ಬರೆಯುವಂತಿಲ್ಲ. ಭೂತಗನ್ನಡಿ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತದೆ. ನೋಡಿದವರು ಎಲ್ಲಿ ಕೆಟ್ಟಿದೆ, ಹೇಗೆ ಸರಿಯಾದೀತು ಎಂದು ಹೇಳಬೇಕು. ಚೆನ್ನಾಗಿದೆ ಎನ್ನುವ ಮಾತಿಗೆ ಅಲ್ಲಿ ಜಾಗವಿಲ್ಲ, ಅದರಿಂದ ಯಾರ ಕೈಯೂ ಸುಧಾರಿಸುವುದಿಲ್ಲ ಎಂದು ಮೇಷ್ಟ್ರು ಹೇಳುತ್ತಿದ್ದರು. ಅವರೂ ತಮ್ಮ ತಗಡನ್ನು ಇಡುತ್ತಿದ್ದರು. ಯಾವ ತಗಡು ಯಾರದೆಂದು ಎಲ್ಲರಿಗೂ ಗೊತ್ತಿರುತ್ತಿತ್ತು. ಕೈಬರಹದ ಹಾಗೆ ಕೆತ್ತನೆಯನ್ನೂ ಗುರುತು ಹಿಡಿಯಬಹುದು. ಆದರೂ ಗೊತ್ತಿಲ್ಲದವರ ಹಾಗೆ, ‘ಇದನ್ನ ಮಾಡಿದವರು’ ಎಂದೇ ಮಾತಾಡುತ್ತಿದ್ದರು.

ಒರ್ಸೊಲಾಳ ಮೊದಲ ತಗಡನ್ನು ಎತ್ತಿಕೊಂಡವನು ಫೌಸ್ತೀನೊ. ಅವನು ಸುರುಳಿಯ ಕೆಲಸದಲ್ಲಿ ಪಳಗಿದವನು, ಬಾಯಿ ಅದಕ್ಕಿಂತ ಪಳಗಿತ್ತು. “ಇದನ್ನ ಮಾಡಿದವರ ಮನೇಲಿ ಕೋಳಿ ಸಾಕಿದಾರೆ ಅನ್ಸುತ್ತೆ. ತಗಡಿನ ಮೇಲೆ ಕೆದರೋಕೆ ಕೋಳಿಗೂ ಪಾಪ ಒಂದು ಅವಕಾಶ ಕೊಟ್ಟಿದಾರೆ,” ಎಂದ. ಅಂಗಡಿಯೇ ನಕ್ಕಿತು. ಒರ್ಸೊಲಾಳ ಕಿವಿ ಕಾದವು. ಕಾರ್ಖಾನೆಯ ನಗು ಅವಳಿಗೆ ರೂಢಿಯಾಗಿತ್ತು, ಇದು ಬೇರೆ. ಇಲ್ಲಿ ಅವಳು ಬೇಕೆಂದು ಬಂದು ಕೂತಿದ್ದಳು, ಬೇಕಾದದ್ದು ಬರುತ್ತಿರಲಿಲ್ಲ. ಕೋಟು ಹಾಕಿಕೊಂಡು ಹೊರಟವಳು ಸೋಮವಾರ ಬರುವುದಿಲ್ಲವೆಂದೇ ನಿರ್ಧರಿಸಿದ್ದಳು.

ಆದರೆ ಬಂದಳು. ಅವಳು ಕೂತ ಸ್ವಲ್ಪ ಹೊತ್ತಿಗೆ ಎರ್ಮೆಸ್ ಪಿಂತೊಸ್ಸಿ ತನ್ನ ಸ್ಟೂಲು ಎತ್ತಿಕೊಂಡು ಬಂದು ಪಕ್ಕದಲ್ಲಿ ಹಾಕಿದ. ಅವನು ಅಂಗಡಿಯಲ್ಲಿ ಮೇಷ್ಟ್ರ ನಂತರದವನು, ನರೆತ ಮೀಸೆಯ ಎತ್ತರದ ಮನುಷ್ಯ. ಹುಲ್ಲಿನ ಮರೆಯ ಗೌಜಲಹಕ್ಕಿ ಅವನದೇ ಎಂದು ಅವಳಿಗೆ ಆಗಲೇ ತಿಳಿದಿತ್ತು. ಶನಿವಾರ ಮೇಜಿನ ಮುಂದೆ ಅವನು ಅವಳ ತಗಡಿನ ಬಗ್ಗೆ ಏನೂ ಅಂದಿರಲಿಲ್ಲ.

“ಕೈ ತಪ್ಪಲ್ಲಮ್ಮ ಇದು, ಉಳಿ ತಪ್ಪು,” ಎಂದು ಮೆಲ್ಲಗೆ ಹೇಳಿದ. “ಮೊನೆಯ ಹಿಮ್ಮಡಿ, ಈ ಅಡಿಭಾಗ, ಉದ್ದ ಆಗಿದೆ, ನೋಡು. ಸಾಣೆ ಹಿಡಿಯೋವಾಗ ಮಣಿಕಟ್ಟು ಎತ್ತಿಬಿಡ್ತೀಯ. ಕೊಡಿಲ್ಲಿ.”

ಅವನು ಉಳಿಯ ಮೊನೆಯ ಅಡಿಭಾಗವನ್ನು ಕಲ್ಲಿನ ಮೇಲೆ ನಾಲ್ಕಾರು ಸಲ ಆಡಿಸಿ ಕೊಟ್ಟ. ಒರ್ಸೊಲಾ ಒತ್ತಿದಳು. ಕಬ್ಬಿಣದಿಂದ ಕೂದಲಿನಂಥ ಒಂದು ಎಳೆ ಸುರುಳಿ ಸುತ್ತಿಕೊಂಡು ಎದ್ದಿತು. ಹಿಂದೆ ಹೊಳೆಯುವ ಗೆರೆ ಬಿದ್ದಿತ್ತು. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಎರ್ಮೆಸ್ ಆಗಲೇ ಎದ್ದು ಹೋಗಿದ್ದ.

ಅವಳು ಕಲಿತದ್ದು ಹೆಚ್ಚಾಗಿ ಹೀಗೆಯೇ. ಶನಿವಾರ ಮೇಜಿನ ಮುಂದೆ ನಾಲ್ಕು ಜನ ನಾಲ್ಕು ತಪ್ಪು ಹೇಳುತ್ತಿದ್ದರು. ಸೋಮವಾರವೋ ಮಂಗಳವಾರವೋ ಎರ್ಮೆಸ್ ಬಂದು ಆ ನಾಲ್ಕರಲ್ಲಿ ಯಾವುದನ್ನು ಮೊದಲು ಹಿಡಿಯಬೇಕೆಂದು ತೋರಿಸುತ್ತಿದ್ದ. ಸುರುಳಿ ಕೆತ್ತುವಾಗ ಉಳಿಯನ್ನು ತಿರುಗಿಸಬಾರದು, ಬಲಗೈ ಇದ್ದಲ್ಲೇ ಇರಬೇಕು, ಎಡಗೈ ವೈಸನ್ನು ತಿರುಗಿಸುತ್ತ ತಗಡನ್ನು ಉಳಿಯ ಬಾಯಿಗೆ ತರಬೇಕು ಎಂಬುದು ಅವಳ ತಲೆಗೆ ಹೋಗಿತ್ತು, ಕೈಗೆ ಇಳಿಯಲು ಒಂದು ಚಳಿಗಾಲ ಪೂರ್ತಿ ಹಿಡಿಯಿತು. ಎರ್ಮೆಸ್ ಅವಳ ಬಲ ಮೊಣಕೈಯ ಕೆಳಗೆ ಒಂದು ಸೇಬು ಇಟ್ಟು, ಇದು ಉರುಳಿದರೆ ನೀನು ಸೋತೆ ಎಂದಿದ್ದ. ಸೇಬು ಉರುಳದ ದಿನ ಅದನ್ನು ಇಬ್ಬರೂ ಹಂಚಿಕೊಂಡು ತಿಂದರು.

ವರ್ಷಗಳು ಕಳೆದವು. ಒರ್ಸೊಲಾ ಕಾರ್ಖಾನೆ ಬಿಟ್ಟು ಪೂರ್ತಿ ಅಂಗಡಿಯವಳಾದಳು. ಅಂಚಿನ ಗೆರೆಯಿಂದ ಸುರುಳಿಗೆ, ಸುರುಳಿಯಿಂದ ಎಲೆಗೆ, ಎಲೆಯಿಂದ ಹಕ್ಕಿಗೆ ಬಂದಳು. ಆದರೆ ಅವಳ ಕೈಗಿಂತ ಮುಂಚೆ ಬೆಳೆದದ್ದು ಅವಳ ಕಣ್ಣು. ಬೇರೆಯವರ ತಗಡಿನಲ್ಲಿ ಎಲ್ಲಿ ಉಳಿ ತಡವರಿಸಿದೆ, ಎಲ್ಲಿ ಗೆರೆಯ ಅಂಚಿನಲ್ಲಿ ಸಿಬಿರು ಉಳಿದಿದೆ, ಎಲ್ಲಿ ಧೈರ್ಯ ಸಾಲದೆ ಎರಡನೆಯ ಸಲ ಎಳೆದಿದ್ದಾರೆ ಎಲ್ಲವೂ ಕಾಣುತ್ತಿತ್ತು. ಹೇಳುವುದನ್ನೂ ಕಲಿತಳು. ಒಂದು ಶನಿವಾರ ಫೌಸ್ತೀನೊನ ಸುರುಳಿಗಳನ್ನು ನೋಡಿ, ಇದನ್ನ ಮಾಡಿದವರಿಗೆ ಮನೆಗೆ ಹೋಗೋ ಅವಸರ ಇತ್ತು, ಕೊನೇ ಸುರುಳಿ ಆಗಲೇ ಕೋಟು ಹಾಕ್ಕೊಂಡಿದೆ ಎಂದಳು. ಅಂಗಡಿ ನಕ್ಕಿತು. ಫೌಸ್ತೀನೊ ಕೂಡ ನಕ್ಕ. ಆ ನಗು ಅವಳಿಗೆ ಬಿಸಿ ವೈನಿನ ಹಾಗೆ ಹಿತವಾಯಿತು. ಮುಂದಿನ ಶನಿವಾರಗಳಲ್ಲಿ ಭೂತಗನ್ನಡಿ ಅವಳ ಕೈಗೆ ಬಂದಾಗ ಜನ ಸುಮ್ಮನಾಗಿ ಕಾಯತೊಡಗಿದರು. ಅಂಚಿನ ಗೆರೆ ಹಾಕುವ ಅಕ್ಕತಂಗಿಯರಿಬ್ಬರು ತಮ್ಮ ತಗಡುಗಳನ್ನು ಅವಳಿಂದ ದೂರದ ತುದಿಯಲ್ಲಿ ಇಡುತ್ತಿದ್ದರು. ಅದನ್ನೂ ಅವಳು ಗಮನಿಸಿದಳು, ಮತ್ತು ಬೇಸರಪಡಲಿಲ್ಲ.

ಎರ್ಮೆಸ್‌ನ ಗೆರೆ ನಡುಗುವುದು ಅವಳ ಕಣ್ಣಿಗೆ ಬಿದ್ದದ್ದು ಕ್ರಿಸ್‌ಮಸ್ ಕಳೆದ ಮೇಲೆ. ಶನಿವಾರವೂ ಅಲ್ಲ, ಮೇಜಿನ ಮುಂದೆಯೂ ಅಲ್ಲ. ಅವನ ಬೆಂಚಿನ ಮೇಲಿದ್ದ ಎಣ್ಣೆಯ ಕುಡಿಕೆ ತರಲು ಹೋಗಿದ್ದಳು. ಅವನು ನಾಯಿಯ ಬೆನ್ನಿನ ಗೆರೆ ಎಳೆಯುತ್ತಿದ್ದ. ಉಳಿ ಬಾಗುವ ಕಡೆಗೆ ಬಂದಾಗ ಎಡಗೈಯನ್ನು ವೈಸಿನಿಂದ ತೆಗೆದು ಬಲ ಮಣಿಕಟ್ಟನ್ನು ಹಿಡಿದುಕೊಂಡ. ಗೆರೆಯ ಅಂಚು ಅಲ್ಲಿ ಗರಗಸದ ಹಲ್ಲಿನ ಹಾಗೆ, ತೀರ ಸಣ್ಣಗೆ, ಮುರಿದಿತ್ತು. ಅವನು ತಲೆಯೆತ್ತಿದ. ಇಬ್ಬರ ಕಣ್ಣೂ ಕೂಡಿದವು. ಅವಳು ಕುಡಿಕೆ ತೆಗೆದುಕೊಂಡು ತನ್ನ ಜಾಗಕ್ಕೆ ಹೋದಳು.

ಆಮೇಲೆ ಅವಳಿಗೆ ಅದು ಎಲ್ಲೆಲ್ಲೂ ಕಾಣತೊಡಗಿತು. ಅವನು ಉದ್ದ ಗೆರೆ ಬಿಟ್ಟು ಚುಕ್ಕಿಗಳಿಂದ ನೆರಳು ಮೂಡಿಸುವ ಕೆಲಸವನ್ನೇ ಆರಿಸಿಕೊಳ್ಳುತ್ತಿದ್ದ. ನಡುಗಿದ ಅಂಚಿನ ಪಕ್ಕದಲ್ಲಿ ಹುಲ್ಲು ಬೆಳೆಸುತ್ತಿದ್ದ, ಪೊದೆ ಬೆಳೆಸುತ್ತಿದ್ದ. ಶನಿವಾರದ ತಗಡುಗಳನ್ನು ನೋಡಿ ಮುಗಿಸಿದ ಮೇಲೆ ಒಂದು ಪೆಟ್ಟಿಗೆಗೆ ಹಾಕಿಡುತ್ತಿದ್ದರು. ಅದರಲ್ಲಿ ಹುಡುಕಿ ಅವನ ಹಳೆಯ ತಗಡುಗಳನ್ನೂ ನೋಡಿದಳು. ಯಾಕೆ ನೋಡಿದೆ ಎಂದು ಆಗ ಯಾರಾದರೂ ಕೇಳಿದ್ದರೆ, ಕಲಿಯಲಿಕ್ಕೆ ಎಂದು ಹೇಳುತ್ತಿದ್ದಳು. ಅವನ ಬೆಂಚು ಅವಳ ಬೆಂಚಿನಿಂದ ಕೈಯಳತೆಯಲ್ಲಿತ್ತು. ಆದರೂ ಅವನ ಹತ್ತಿರ ಅವಳು ಒಂದು ಮಾತು ಆಡಲಿಲ್ಲ.

ವಸಂತದಲ್ಲಿ ತುರಿನ್ ನಗರದ ಕಡೆಯ ಶ್ರೀಮಂತನೊಬ್ಬ ಜೋಡಿ ಕೋವಿಗೆ ಕೆತ್ತನೆ ಕೇಳಿದ. ಒಂದರ ಮೇಲೆ ಗೌಜಲಹಕ್ಕಿಯ ಹಿಂಡು, ಇನ್ನೊಂದರ ಮೇಲೆ ಬಾತುಕೋಳಿ. ಅಂಥ ಕೆಲಸ ಬರುವುದು ಅಪರೂಪ. ಎಲ್ಲರೂ ಒಂದೊಂದು ಹಕ್ಕಿ ಕೆತ್ತಿ ಶನಿವಾರ ಇಡಿ, ಯಾರ ಕೈಗೆ ಕೊಡಬೇಕೆಂದು ಅಲ್ಲೇ ತೀರ್ಮಾನವಾಗಲಿ ಎಂದು ಮೇಷ್ಟ್ರು ಹೇಳಿದರು. ಹಕ್ಕಿಯೆಂದರೆ ಆ ಅಂಗಡಿಯಲ್ಲಿ ಎರ್ಮೆಸ್ ಎಂದೇ ಲೆಕ್ಕ. ಅವನು ಬಿಟ್ಟರೆ ಒರ್ಸೊಲಾ. ಇದು ಅವಳಿಗೂ ಗೊತ್ತಿತ್ತು.

ಆ ಶನಿವಾರ ಕಿಟಕಿಯ ಹೊರಗೆ ಮೆಲ್ಲಾ ಹೊಳೆ ಹಿಮ ಕರಗಿದ ನೀರಿನಿಂದ ಭರ್ತಿಯಾಗಿ ಸದ್ದು ಮಾಡುತ್ತಿತ್ತು. ಭೂತಗನ್ನಡಿ ಸುತ್ತಿ ಬಂತು. ಎರ್ಮೆಸ್‌ನ ಹಕ್ಕಿಯ ಬಗ್ಗೆ ಒಬ್ಬರು ಕೊಕ್ಕು ಸ್ವಲ್ಪ ದಪ್ಪವಾಯಿತು ಎಂದರು. ಇನ್ನೊಬ್ಬರು ಹುಲ್ಲು ಹೆಚ್ಚಾಯಿತು ಎಂದರು. ಒರ್ಸೊಲಾಳ ಸರದಿ ಬಂದಾಗ ಅವಳು ತಗಡನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಹೋಗಿ ಪೆಟ್ಟಿಗೆಯಿಂದ ಮೂರು ಹಳೆಯ ತಗಡುಗಳನ್ನು ತಂದು, ಹೊಸದರ ಪಕ್ಕದಲ್ಲಿ ಸಾಲಾಗಿ ಇಟ್ಟಳು.

“ಹುಲ್ಲು ಹೆಚ್ಚಾಗಿರೋದು ಸುಮ್ನೆ ಅಲ್ಲ,” ಎಂದಳು. “ಇದನ್ನ ಮಾಡಿದವರ ಕೈ ನಡುಗ್ತಿದೆ. ಇಲ್ನೋಡಿ, ಬೆನ್ನಿನ ಗೆರೆ. ಇದರಲ್ಲೂ ಅದೇ. ಇದರಲ್ಲೂ. ವರ್ಷದಿಂದ ನಡೀತಿದೆ. ನಡುಗಿದ ಕಡೆಯೆಲ್ಲಾ ಹುಲ್ಲು ಹಾಕಿ ಮುಚ್ಚಿದಾರೆ. ಜೋಡಿ ಕೋವಿ ಮೇಲೆ ಆಕಾಶ ಬಯಲಾಗಿರುತ್ತೆ, ಅಲ್ಲಿ ಮುಚ್ಚೋಕೆ ಹುಲ್ಲು ಎಲ್ಲಿಂದ ತರ್ತಾರೆ?”

ಅವಳ ದನಿ ತಣ್ಣಗೆ, ಸ್ಪಷ್ಟವಾಗಿತ್ತು. ಹಿಂದಿನ ದಿನ ಮನೆಯಲ್ಲಿ ಬಟ್ಟೆ ಒಣಹಾಕುತ್ತ ಈ ಮಾತುಗಳನ್ನು ಜೋಡಿಸಿಕೊಂಡಿದ್ದಳು. ಮಾತು ತೇಲಿಸಲೆಂದು ಫೌಸ್ತೀನೊ, ಗ್ರಾಪ್ಪಾ ಕುಡಿಯೋದು ಕಡಿಮೆ ಮಾಡಬೇಕಪ್ಪ ಇವರು ಎಂದ. ಒಂದಿಬ್ಬರು ನಕ್ಕು ತಟ್ಟನೆ ನಿಲ್ಲಿಸಿದರು.

ಎರ್ಮೆಸ್ ಮೇಜಿನ ಆ ತುದಿಯಲ್ಲಿ ನಿಂತಿದ್ದ. “ಸರಿಯಾಗಿ ಕಂಡಿದೆ ಒರ್ಸೊಲಾಗೆ,” ಎಂದ. ಅಂಗಡಿಯಲ್ಲಿ ಆ ಮೇಜಿನ ಮುಂದೆ ಹೆಸರು ಹಿಡಿದು ಮಾತಾಡಿದ್ದು ಅದೇ ಮೊದಲು. ಅವನು ತನ್ನ ಬೆಂಚಿಗೆ ಹೋಗಿ ಉಳಿಗಳನ್ನು ಒಂದೊಂದಾಗಿ ಒರೆಸಿ ಬಟ್ಟೆಯಲ್ಲಿ ಸುತ್ತಿದ. ಕೋಟಿನ ಗುಂಡಿ ಹಾಕಲು ಕೈ ಬೇಗ ಒಪ್ಪಲಿಲ್ಲ. ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು. ಒರ್ಸೊಲಾ ಒಬ್ಬಳೇ ಅದನ್ನು ನೋಡಿದಳು. ಗುಂಡಿ ಹಾಕದೆಯೇ ಹೊರಟುಹೋದ.

ಮೇಷ್ಟ್ರು ಅವಳ ಹಕ್ಕಿಯ ತಗಡನ್ನು ಎತ್ತಿ ಅವಳ ಕೈಗೆ ಕೊಟ್ಟರು. “ಜೋಡಿ ನಿಂದು,” ಎಂದಷ್ಟೇ ಹೇಳಿದರು.

ಸೇತುವೆ ದಾಟುವವರೆಗೂ ಅವಳಿಗೆ ಸಂತೋಷವೇ ಇತ್ತು. ಇದನ್ನು ಅವಳು ಆಮೇಲೆ ಎಂದೂ ಮರೆಯಲಿಲ್ಲ. ಮನೆಗೆ ಹೋಗಿ ಅಮ್ಮನಿಗೆ ಜೋಡಿ ಕೋವಿ ಸಿಕ್ಕಿದ್ದನ್ನು ಹೇಳಿದಳು. ಅಮ್ಮ, ಎರ್ಮೆಸ್‌ಗೆ ಖುಷಿಯಾಗಿರಬೇಕು ಪಾಪ, ನಿನ್ನನ್ನ ತಯಾರು ಮಾಡಿದ್ದೇ ಅವನಲ್ವಾ ಎಂದಳು. ಒರ್ಸೊಲಾ ತಟ್ಟೆಯ ಮುಂದೆ ಕೂತವಳು ತಿನ್ನಲಾರದೆ ಎದ್ದಳು. ತಟ್ಟೆ ಮುಚ್ಚಿಟ್ಟು ಹೋಗಿ ಮಲಗಿದಳು.

ಸೋಮವಾರ ಎರ್ಮೆಸ್ ಬರಲಿಲ್ಲ. ಆ ವಾರವೂ ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ. ಅವನ ಸ್ಟೂಲನ್ನು ಯಾರೋ ಗೋಡೆಯ ಕಡೆಗೆ ಸರಿಸಿಟ್ಟರು. ಅಂಗಡಿಯಲ್ಲಿ ಯಾರೂ ಅವಳಿಗೆ ಒಂದು ಮಾತೂ ಅನ್ನಲಿಲ್ಲ. ಎಣ್ಣೆ ಕೇಳಿದರೆ ಎಣ್ಣೆ ಕೊಟ್ಟರು, ಸಾಣೆಕಲ್ಲು ಕೇಳಿದರೆ ಸಾಣೆಕಲ್ಲು. ಅವಳೇ ತಡೆಯಲಾರದೆ ಒಂದು ಬೆಳಿಗ್ಗೆ ಮೇಷ್ಟ್ರ ಹತ್ತಿರ ಹೋಗಿ, ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು ಎಂದು ಕೇಳಿದಳು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು.

“ಸುಳ್ಳೇನೂ ಇಲ್ಲ. ಆದ್ರೆ ಒರ್ಸೊಲಾ, ಆ ಗೆರೆ ಬೇರೆ ಯಾರಿಗೂ ಕಂಡಿರ್ಲಿಲ್ಲ ಅಂದ್ಕೊಂಡ್ಯಾ? ಫೌಸ್ತೀನೊಗೆ ನಿನಗಿಂತ ಮುಂಚೆ ಕಂಡಿತ್ತು. ಆ ಅಕ್ಕತಂಗಿಯರಿಗೂ ಗೊತ್ತಿತ್ತು. ನೆರಳಿನ ಕೆಲಸ ಅವನಿಗೆ ಯಾಕೆ ಕೊಡ್ತಿದ್ದೆ ನಾನು?”

ಅವಳಿಗೆ ನೆಲ ಬಾಯ್ಬಿಟ್ಟರೆ ಸಾಕು ಅನ್ನಿಸಿತು. ತಾನೊಬ್ಬಳೇ ಕಂಡಿದ್ದೇನೆ ಎಂದು ತಿಂಗಳುಗಟ್ಟಲೆ ಒಳಗೇ ಬೆಚ್ಚಗೆ ಇಟ್ಟುಕೊಂಡಿದ್ದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಕೊಕ್ಕು ದಪ್ಪವಾಯಿತು, ಹುಲ್ಲು ಹೆಚ್ಚಾಯಿತು ಎಂದು ಅವರು ಹೇಳುತ್ತಿದ್ದದ್ದು ಕಾಣದೆ ಅಲ್ಲ. ಜೋಡಿ ಕೋವಿಯನ್ನು ಎರ್ಮೆಸ್‌ಗೆ ಕೊಡುತ್ತಿದ್ದಿರಾ ಎಂದು ಕೇಳಿದಳು. ಅವನೇ ಬೇಡ ಅಂತಿದ್ದ, ನಿನ್ನ ಹೆಸರು ಹೇಳ್ತಿದ್ದ, ಶನಿವಾರ ಸಾಯಂಕಾಲ ಅದೇ ಮಾತಾಡೋಣ ಅಂತ ಇಬ್ಬರೂ ಅಂದ್ಕೊಂಡಿದ್ವಿ ಎಂದರು ಮೇಷ್ಟ್ರು. ಅದು ನಿಜವೋ, ಅವಳನ್ನು ಚುಚ್ಚಲು ಹೇಳಿದ್ದೋ ಅವಳಿಗೆ ತಿಳಿಯಲಿಲ್ಲ. ಕೇಳುವ ಮುಖವೂ ಇರಲಿಲ್ಲ.

ರೊಟ್ಟಿ ಅಂಗಡಿಯಲ್ಲಿ ಎರ್ಮೆಸ್‌ನ ಹೆಂಡತಿ ಜುದಿತ್ತಾ ಸಿಕ್ಕಳು. ಒರ್ಸೊಲಾ ಸಾಲಿನಿಂದ ಹಿಂದೆ ಸರಿಯಲು ನೋಡಿದಳು. ಜುದಿತ್ತಾ ಬೈಯುತ್ತಾಳೆ ಅಂದುಕೊಂಡಿದ್ದರೆ, ಆಕೆ ತಾಯಿಯ ಆರೋಗ್ಯ ವಿಚಾರಿಸಿ, ಹೊಸ ಕೆಲಸ ಹೇಗಿದೆ ಕೇಳಿ, ರೊಟ್ಟಿ ಚೀಲಕ್ಕೆ ಹಾಕಿಕೊಂಡು ಹೋದಳು. ಬೈದಿದ್ದರೆ ಎಷ್ಟೋ ವಾಸಿ ಎನ್ನಿಸಿತು. ಆ ದಿನದಿಂದ ಒರ್ಸೊಲಾ ಮೇಲಿನ ಬೀದಿಯ ರೊಟ್ಟಿ ಅಂಗಡಿಗೆ ಹೋಗತೊಡಗಿದಳು. ಅಲ್ಲಿಯ ರೊಟ್ಟಿ ಅಮ್ಮನಿಗೆ ಹಿಡಿಸುತ್ತಿರಲಿಲ್ಲ.

ಮುಂದಿನ ಒಂದು ಶನಿವಾರ ಮೇಜಿನ ಮುಂದೆ ಅವಳು ಇನ್ನೊಂದು ಕೆಲಸ ಮಾಡಿದಳು. ಭೂತಗನ್ನಡಿ ಕೈಗೆ ಬಂದಾಗ ಅದನ್ನು ಕೆಳಗಿಟ್ಟು, ಎರ್ಮೆಸ್ ವಿಷಯದಲ್ಲಿ ನನ್ನಿಂದ ದೊಡ್ಡ ತಪ್ಪಾಯಿತು, ಎಲ್ಲರೂ ಕ್ಷಮಿಸಬೇಕು ಎಂದಳು. ಯಾರೂ ತಲೆಯೆತ್ತಲಿಲ್ಲ. ಫೌಸ್ತೀನೊ ತನ್ನ ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದ. ಕೊನೆಗೆ ಮೇಷ್ಟ್ರು, ಇಲ್ಲಿ ತಗಡಿನ ಮಾತಷ್ಟೇ ಆಡೋದು, ಮುಂದೆ ನಡೀಲಿ ಎಂದರು. ಮನಸ್ಸು ಹಗುರಾಗುತ್ತದೆ ಅಂದುಕೊಂಡಿದ್ದಳು. ಆಗಲಿಲ್ಲ. ಅಲ್ಲಿಲ್ಲದವನನ್ನು ಬಿಟ್ಟು ಇದ್ದವರನ್ನು ಕ್ಷಮೆ ಕೇಳಿದ್ದು ಇನ್ನೊಂದು ಸಲ ಮಾನ ಕಳೆದುಕೊಂಡ ಹಾಗಾಯಿತು.

ಜೋಡಿ ಕೋವಿಯ ಕೆಲಸವೂ ಮುಂದೆ ಸಾಗಲಿಲ್ಲ. ಅಭ್ಯಾಸದ ತಗಡಿನ ಮೇಲೆ ಹಕ್ಕಿ ಬರೆಯುತ್ತಾಳೆ, ಗರಿಗಳೆಲ್ಲ ಸರಿಯಾಗಿ ಬರುತ್ತವೆ, ಆದರೆ ಹಕ್ಕಿ ಮಾಂಸದ ಅಂಗಡಿಯಲ್ಲಿ ತೂಗುಹಾಕಿದ ಸತ್ತ ಹಕ್ಕಿಯ ಹಾಗೆ ಕಾಣುತ್ತದೆ. ಶನಿವಾರದ ಮೇಜಿನಲ್ಲಿ ಈಗ ಅವಳ ತಗಡಿನ ಬಗ್ಗೆ ಯಾರೂ ಗಟ್ಟಿಯಾಗಿ ಏನೂ ಹೇಳುತ್ತಿರಲಿಲ್ಲ. ಬಾಲ ಸ್ವಲ್ಪ ಉದ್ದ, ಕಾಲು ಸ್ವಲ್ಪ ಗಿಡ್ಡ ಎಂದು ಹೇಳಿ ಮುಂದಕ್ಕೆ ದಾಟಿಸುತ್ತಿದ್ದರು. ಇವರಿಗೆ ಕಾಣುತ್ತಿದೆ, ಹೇಳುತ್ತಿಲ್ಲ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಎರ್ಮೆಸ್ ವರ್ಷವಿಡೀ ಈ ಮೇಜಿನ ಮುಂದೆ ಹೇಗೆ ನಿಂತಿದ್ದಿರಬೇಕು ಎಂದು ಆಗ ಅರಿವಾಯಿತು.

ಕೊನೆಗೆ ಒಂದು ಭಾನುವಾರ ಅವನ ಮನೆಗೆ ಹೋದಳು. ಅದಕ್ಕೂ ಹಿಂದೆ ಒಮ್ಮೆ ಹೋಗಿ ಬೇಲಿಯ ಬಾಗಿಲಿನಿಂದಲೇ ತಿರುಗಿ ಬಂದಿದ್ದಳು. ಊರಿನ ಮೇಲುಭಾಗದ, ಗುಡ್ಡಕ್ಕೆ ಅಂಟಿಕೊಂಡ ಮನೆ. ಎರ್ಮೆಸ್ ಹಿತ್ತಲಲ್ಲಿ ಹುರುಳಿಕಾಯಿ ಬಳ್ಳಿಗೆ ಕೋಲು ಕಟ್ಟುತ್ತಿದ್ದ. ಗಂಟು ಹಾಕಲು ಅವನ ಕೈ ಬಗ್ಗದ್ದರಿಂದ ಜುದಿತ್ತಾ ಪಕ್ಕದಲ್ಲಿ ನಿಂತು ಗಂಟು ಹಾಕಿಕೊಡುತ್ತಿದ್ದಳು. ಒರ್ಸೊಲಾಳನ್ನು ಕಂಡು ಜುದಿತ್ತಾ ದಾರದ ಉಂಡೆಯನ್ನು ಗಂಡನ ಕೈಗೆ ಕೊಟ್ಟು ಒಳಗೆ ಹೋದಳು.

ಒರ್ಸೊಲಾ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನೆಲ್ಲ ಹೇಳಿದಳು. ನಾನು ಕಂಡಿದ್ದನ್ನು ಹೇಳಿದ್ದು ತಪ್ಪಾಯಿತು, ಹಾಗೆ ಹೇಳಬಾರದಿತ್ತು, ಎಲ್ಲರ ಹಾಗೆ ಸುಮ್ಮನಿರಬೇಕಿತ್ತು ಎಂದಳು.

ಎರ್ಮೆಸ್ ದಾರದ ಉಂಡೆ ಹಿಡಿದುಕೊಂಡೇ ಕೇಳಿದ.

“ಸುಮ್ನಿರ್ಬೇಕಿತ್ತು ಅಂತ ನಾನು ಹೇಳಲ್ಲ,” ಎಂದ. “ಎಲ್ರೂ ಸುಮ್ನಿದ್ರು. ಸುಮ್ನಿದ್ದು ಸುಮ್ನಿದ್ದು, ಯಾರಿಗೂ ಕಾಣ್ತಿಲ್ಲ ಅಂತ ನಾನೇ ನಂಬೋಕೆ ಶುರು ಮಾಡಿದ್ದೆ. ಅದೂ ಒಳ್ಳೇದಲ್ಲ. ಆದ್ರೆ ಚಳಿಗಾಲದಲ್ಲಿ ನೀನು ಎಣ್ಣೆ ಕುಡಿಕೆ ತಗೊಳ್ಳೋಕೆ ಬಂದಿದ್ದೆ. ನಿಂಗೆ ಕಾಣ್ತು. ನಿಂಗೆ ಕಂಡಿದ್ದು ನಂಗೂ ಕಾಣ್ತು. ಇವಳು ನಾಳೆ ಬಂದು ಹೇಳ್ತಾಳೆ ಅಂದ್ಕೊಂಡೆ.” ಉಂಡೆಯನ್ನು ಕೆಳಗಿಟ್ಟು ಹೇಳಿದ, “ಕಾದೆ ನಾನು, ಒರ್ಸೊಲಾ. ಸ್ಟೂಲು ಎತ್ಕೊಂಡು ಬರ್ತೀಯ ಅಂತ ಕಾದೆ.”

ಜೋಡಿಸಿಕೊಂಡು ಬಂದ ಕ್ಷಮೆಯೆಲ್ಲ ಬೇರೆ ಯಾವುದೋ ತಪ್ಪಿಗೆ ಎಂದು ಅವಳಿಗೆ ಗೊತ್ತಾಯಿತು. ತಲೆ ತಗ್ಗಿಸಿ ಹುರುಳಿ ಬಳ್ಳಿಯ ಬುಡ ನೋಡುತ್ತ ನಿಂತಳು. ಅಂಗಡಿಗೆ ವಾಪಸು ಬನ್ನಿ, ಜೋಡಿಯನ್ನು ಇಬ್ಬರೂ ಸೇರಿ ಮಾಡೋಣ, ಉದ್ದ ಗೆರೆ ನಾನು ಎಳೆಯುತ್ತೇನೆ ಎಂದು ಹೇಳಿದಳು. ಅವನು ಬೇಡವೆಂದು ತಲೆಯಾಡಿಸಿದ. ಆ ಮೇಜಿನ ಮುಂದೆ ಇನ್ನು ನಿಲ್ಲಲಾರೆ, ನಿನ್ನ ಮೇಲಿನ ಸಿಟ್ಟಿಗಲ್ಲ, ನಾಚಿಕೆಗೆ ಎಂದ. ನಾಚಿಕೆ ಪಡಬೇಕಾದವಳು ತಾನು ಎಂದು ಹೇಳಲು ಅವಳು ಬಾಯಿ ತೆರೆದಳು. ಅವನು ಕೈಯೆತ್ತಿ ತಡೆದ. ಕ್ಷಮಿಸಿದ್ದೇನೆ ಎಂದು ಅವನು ಅನ್ನಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ.

ಹೊರಡುವಾಗ ಅವನೇ ಕೇಳಿದ, “ತಗಡು ತಂದಿದೀಯಾ?”

ತಂದಿದ್ದಳು. ಯಾಕೆ ತಂದೆನೆಂದು ಅವಳಿಗೇ ಗೊತ್ತಿರಲಿಲ್ಲ. ಕೋಟಿನ ಜೇಬಿನಲ್ಲಿ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದಳು. ಅವನು ಅದನ್ನು ಹಿತ್ತಲ ಗೋಡೆಯ ಮೇಲಿಟ್ಟು, ಭೂತಗನ್ನಡಿ ತರಲು ಜುದಿತ್ತಾಳನ್ನು ಕೂಗಿದ. ಕೈಯಲ್ಲಿ ಹಿಡಿದರೆ ಕನ್ನಡಿ ಅಲುಗುತ್ತಿತ್ತು, ಅದಕ್ಕೆ ಮೊಣಕೈಯನ್ನು ಗೋಡೆಗೆ ಊರಿ ನೋಡಿದ. ಒರ್ಸೊಲಾ ಬೇರೆ ಕಡೆ ಮುಖ ತಿರುಗಿಸಿದಳು.

“ಕಣ್ಣಿನ ಸುತ್ತ ಗೆರೆ ಮುಚ್ಚಿಬಿಟ್ಟಿದೀಯ,” ಎಂದ. “ಉಂಗುರ ತೊಡಿಸಿದ ಹಾಗೆ. ಬೆಳಕು ಬೀಳೋ ಕಡೆ ಬಿಡು. ಗೆರೆ ಅಲ್ಲಿಗೆ ಬಂದು ನಿಲ್ಲಲಿ, ಮತ್ತೆ ಈಚೆ ಕಡೆಯಿಂದ ಶುರುವಾಗಲಿ. ನಡುವೆ ಏನೂ ಮಾಡ್ಬೇಡ.”

ಜುದಿತ್ತಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಳಗೆ ಬಾ ಎಂದು ಕರೆಯಲಿಲ್ಲ.

ಸೋಮವಾರ ಒರ್ಸೊಲಾ ಅವನು ಹೇಳಿದ ಹಾಗೆ ಕಣ್ಣಿನ ಗೆರೆಯನ್ನು ತೆರೆದು ಬಿಟ್ಟಳು. ಹಕ್ಕಿ ಅವಳನ್ನು ನೋಡಿತು. ಬಹಳ ದಿನ ಅವಳು ಕಾದಿದ್ದ ಗಳಿಗೆ ಅದು, ಆದರೆ ಆಗ ಅವಳಿಗೆ ಅದರ ಕಣ್ಣು ತಪ್ಪಿಸಬೇಕು ಅನ್ನಿಸಿತು. ಜೋಡಿ ಕೋವಿ ಮುಗಿಯಿತು. ತುರಿನ್‌ನವನಿಗೆ ಹಿಡಿಸಿತು. ಮೇಷ್ಟ್ರು ಕೆತ್ತಿದವರ ಹೆಸರನ್ನು ಉಕ್ಕಿನ ಅಡಿಭಾಗದಲ್ಲಿ ಸಣ್ಣದಾಗಿ ಹಾಕುವ ರೂಢಿಯಿಟ್ಟಿದ್ದರು, ಅವಳು ಹಾಕಲಿಲ್ಲ. ಅವರೂ ಹಾಕು ಎನ್ನಲಿಲ್ಲ.

ಆಮೇಲಿನ ಭಾನುವಾರಗಳಲ್ಲಿ ಅವಳು ತಗಡು ತೆಗೆದುಕೊಂಡು ಮೇಲಿನ ಮನೆಗೆ ಹೋಗುವುದನ್ನು ಬಿಡಲಿಲ್ಲ. ಎರ್ಮೆಸ್ ಪ್ರತಿ ಸಲವೂ ನೋಡಿದ, ಪ್ರತಿ ಸಲವೂ ಒಂದೇ ಒಂದು ತಪ್ಪು ಹೇಳಿದ. ಅವರಿಬ್ಬರ ನಡುವೆ ಹಳೆಯ ಸಲುಗೆ ಮತ್ತೆ ಬರಲಿಲ್ಲ. ಅವನು ಅವಳನ್ನು ಅಮ್ಮ ಎಂದು ಕರೆಯುತ್ತಿದ್ದದ್ದು ನಿಂತಿತ್ತು. ಬರಬರುತ್ತ ಅವನಿಗೆ ಲೋಟ ಎತ್ತಲು ಎರಡೂ ಕೈ ಬೇಕಾದವು. ಭೂತಗನ್ನಡಿಯನ್ನು ಅವಳೇ ಹಿಡಿದು ತೋರಿಸಬೇಕಾಯಿತು. ಜುದಿತ್ತಾ ಮೊದಮೊದಲು ಹಿತ್ತಲಿಗೇ ಕಳಿಸುತ್ತಿದ್ದವಳು, ಒಂದು ಚಳಿಗಾಲದಲ್ಲಿ ಹೊರಗೆ ಹಿಮ ಬೀಳುತ್ತಿದ್ದಾಗ ಅಡುಗೆಮನೆಯಲ್ಲಿ ಕುರ್ಚಿ ಎಳೆದು ಹಾಕಿದಳು. ಎರ್ಮೆಸ್ ತೀರಿಕೊಂಡಾಗ ಅಂಗಡಿಯವರೆಲ್ಲ ಹೆಣದ ಹಿಂದೆ ನಡೆದರು. ಒರ್ಸೊಲಾ ಎಲ್ಲರಿಗಿಂತ ಹಿಂದೆ, ಊರವರ ಜೊತೆ ನಡೆದಳು.

ಅವಳು ವಯಸ್ಸಾಗುವವರೆಗೂ ಅದೇ ಕಿಟಕಿಯ ಕೆಳಗೆ ದುಡಿದಳು. ಮೇಷ್ಟ್ರು ಹೋದ ಮೇಲೆ ಅವರ ಮಗಳು ಅಂಗಡಿ ನಡೆಸಿದಳು. ಶನಿವಾರದ ಪದ್ಧತಿ ನಿಲ್ಲಲಿಲ್ಲ. ಒರ್ಸೊಲಾ ಮೇಜಿನ ಮೇಲೆ ತನ್ನ ತಗಡು ಇಡುತ್ತಿದ್ದಳು, ಅದರ ತಪ್ಪುಗಳನ್ನು ಕೇಳಿಸಿಕೊಳ್ಳುತ್ತಿದ್ದಳು. ಭೂತಗನ್ನಡಿ ಕೈಗೆ ಬಂದರೆ ಬೇರೆಯವರ ಕೆಲಸವನ್ನು ಉದ್ದಕ್ಕೂ ನೋಡಿ, ಏನೂ ಹೇಳದೆ ಮುಂದಕ್ಕೆ ಕೊಡುತ್ತಿದ್ದಳು. ಹೇಳಬೇಕಾದ್ದು ಏನಾದರೂ ಇದ್ದರೆ ವಾರದ ನಡುವೆ, ಪಕ್ಕದಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಅವರ ಬೆಂಚಿನ ಹತ್ತಿರ ಹೋಗುತ್ತಿದ್ದಳು. ಹೋಗುವ ಮೊದಲು ಎಷ್ಟೋ ಸಲ ಎದ್ದು ಮತ್ತೆ ಕೂರುತ್ತಿದ್ದಳು; ಕೆಲವು ಸಲ ಧೈರ್ಯ ಸಾಲದೆ ಹೋಗುತ್ತಲೇ ಇರಲಿಲ್ಲ.

ಹೊಸದಾಗಿ ಸೇರಿದವರಿಗೆ ಹಳೆಯದೇನೂ ಗೊತ್ತಿರಲಿಲ್ಲ. ಹಕ್ಕಿ ಕೆತ್ತುವುದರಲ್ಲಿ ಕಣಿವೆಗೆಲ್ಲ ಹೆಸರಾದ ಹೆಂಗಸು, ನಮ್ಮಂಥವರ ತಗಡಿನ ಬಗ್ಗೆ ಬಾಯಿ ಬಿಟ್ಟರೆ ಎಲ್ಲಿ ಮುತ್ತು ಉದುರೀತೋ ಅಂತ ಸೊಕ್ಕು ಎಂದು ಅವರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಮುದುಕನಾಗಿದ್ದ ಫೌಸ್ತೀನೊ ಒಮ್ಮೆ ಅದನ್ನು ಕೇಳಿ ಅವರಿಗೆ ಏನೋ ಹೇಳಲು ಹೊರಟ. ಒರ್ಸೊಲಾ ಅವನ ತೋಳು ಹಿಡಿದು, ಬೇಡ ಬಿಡು, ಹಾಗೇ ಅಂದ್ಕೊಳ್ಳಲಿ ಎಂದಳು. ಆಮೇಲೆ ಉಳಿಗೆ ಸಾಣೆ ಹಿಡಿಯಲು ಕೂತಳು.